ಅಕ್ಕನ ಮಾತಿಗೆ ಮೂರು ಹಿಸ್ಸೆ

ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಸತ್ತವರ ನೆನಪು ಬರೆಯುವಾಗ ಮನಸ್ಸು ಮೆತ್ತಗಿರಬೇಕು ಎಂದು ಜನ ಬಯಸುತ್ತಾರೆ, ಆದ್ದರಿಂದ ಇದನ್ನು ಮೊದಲೇ ಹೇಳುತ್ತೇನೆ. ಅಕ್ಕ ಹೋದದ್ದು ಬೇಸಿಗೆಯಲ್ಲಿ. ಈಗ ಹೊಲದಲ್ಲಿ ಜೋಳ ತೆನೆ ಕಟ್ಟಿದೆ. ಅಳು ತಾನಾಗಿಯೇ ಕಡಿಮೆಯಾಯಿತು. ಸಿಟ್ಟು ಮಾತ್ರ ಬೆಳಗ್ಗೆ ನನಗಿಂತ ಮೊದಲೇ ಎದ್ದು ಕೂತಿರುತ್ತದೆ.

ನಾವು ನಾಲ್ವರು. ಎಲ್ಲರಿಗಿಂತ ದೊಡ್ಡವಳು ಅಕ್ಕ. ಸುರಪುರದಲ್ಲಿ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದಳು. ಅವಳ ನಂತರ ನಾನು. ಶಹಾಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ನನ್ನ ಕೆಳಗೆ ತಮ್ಮ. ಯಾದಗಿರಿಯಲ್ಲಿ ಜಮೀನಿನ ಕಾಗದಪತ್ರ ನೋಡುವ ನೌಕರಿ ಅವನದು. ಕೊನೆಯವಳು ತಂಗಿ, ದೋರನಹಳ್ಳಿಗೆ ಕೊಟ್ಟಿದ್ದೇವೆ. ನನಗೆ ಅಕ್ಕನಾದವಳು ಅವರಿಬ್ಬರಿಗೆ ದೊಡ್ಡಕ್ಕ.

ಅಕ್ಕನ ಬಾಯಿ ದೊಡ್ಡದು ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ. ರೊಟ್ಟಿ ಬಡಿಯುವ ಸಪ್ಪಳದ ಮೇಲೂ ಅವಳ ಮಾತು ಕೇಳುತ್ತಿತ್ತು. ಗಿರಾಕಿ ಯಾರಾದರೂ ಗರಿಗರಿಯಾಗಿದೆಯೋ ಇಲ್ಲವೋ ಎಂದು ರೊಟ್ಟಿ ಮುರಿದು ನೋಡಿದರೆ, "ಮುರದ್ಯಲ್ಲ, ಇನ್ನ ಅದು ನಿಂದ. ಮುರಕಲ ಹಚ್ಚಾಕ ನನ್ನ ಹತ್ರ ಗೋಂದ ಇಲ್ಲ" ಎನ್ನುತ್ತಿದ್ದಳು. ಬೈಸಿಕೊಂಡವರು ಮರುದಿನ ಮತ್ತೆ ಬರುತ್ತಿದ್ದರು. ರೊಟ್ಟಿಗೆ ಬರುತ್ತಿದ್ದರೋ ಬೈಗುಳಕ್ಕೋ ಹೇಳಲಾರೆ.

ಅಂಥವಳಿಗೆ ಗಂಟಲಲ್ಲೇ ರೋಗ ಬಂತು. ಧ್ವನಿಪೆಟ್ಟಿಗೆ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅಲ್ಲೇ ಅಳುತ್ತಾ ಕೂತೆ. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

"ಹಂಗಿದ್ರ ಒಳಗಿನ ಮಾತ ಮದಲ ಖಾಲಿ ಮಾಡ್ತೀನ್ರಿ" ಎಂದಳು ಡಾಕ್ಟರಿಗೆ. "ಆಮ್ಯಾಲ ಪೆಟಿಗಿ ನೀವ ಇಟಗೋರಿ."

ಊರಿಗೆ ಬಂದ ಮೇಲೆ ನನ್ನ ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಲು ಹೇಳಿ, ಅದರೆದುರು ಮಣೆ ಹಾಕಿಕೊಂಡು ಕೂತಳು. "ನಡುವ ನಿಲ್ಲಸಬ್ಯಾಡ. ನಿಲ್ಲಿಸಿದ್ರ ನನಗ ಮತ್ತ ಸುರು ಮಾಡಾಕ ಆಗಂಗಿಲ್ಲ" ಎಂದಳು. ನಾನು ನಿಲ್ಲಿಸಲಿಲ್ಲ. ಹಾಗಾಗಿ ಅಷ್ಟೂ ಮಾತು ಒಂದೇ ವಿಡಿಯೊ ಆಯಿತು, ಒಂದೇ ಫೈಲು. ಮೊದಲು ನನಗೆ ಹೇಳುವುದು ಹೇಳಿದಳು. ಆಮೇಲೆ, "ಇನ್ನ ತಮ್ಮನ ಪಾಳಿ. ಅವನ ಕೂಡ ನಾಕ ಮಾತ ಅದಾವ, ನಿನಗ ಅಲ್ಲ. ಹೊರಗ ಹೋಗಿ ಕಟ್ಟೀ ಮ್ಯಾಲ ಕುಂದರು, ಕರೀತೀನಿ" ಎಂದು ನನ್ನನ್ನು ಎಬ್ಬಿಸಿದಳು. ನಾನು ಹೊರಗೆ ಕೂತೆ. ಎದುರಿಗೆ ಹಿಟ್ಟಿನ ಗಿರಣಿ ನಡೆದಿತ್ತು. ಒಳಗಿನ ಮಾತು ಒಂದೂ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ನೋಡಲೂ ಇಲ್ಲ. ಕರೆದಾಗ ಒಳಗೆ ಹೋದೆ. ಕೊನೆಗೆ ತಂಗಿಗೆ ಹೇಳುವುದಿತ್ತು, ಅದಕ್ಕೆ ನನ್ನನ್ನು ಕೂರಿಸಿಕೊಂಡೇ ಹೇಳಿದಳು.

ಮುಗಿದ ಮೇಲೆ ಇನ್ನೊಂದು ಕಟ್ಟಪ್ಪಣೆ ಮಾಡಿದಳು: "ನಾ ಇರೂತನಕ ಇದನ್ನ ಯಾರೂ ನೋಡಬ್ಯಾಡ್ರಿ. ನಾ ಇದ್ದೀನಲ್ಲ, ನನ್ನ ಮಾರಿ ನೋಡ್ರಿ."

ಆಪರೇಶನ್ ಆಯಿತು. ಆಮೇಲೆ ಬದುಕಿದ್ದ ಅಷ್ಟು ತಿಂಗಳು ಅಕ್ಕ ಸ್ಟೀಲ್ ತಾಟು ಬಡಿದು ನಮ್ಮನ್ನು ಕರೆಯುತ್ತಿದ್ದಳು. ಸಿಟ್ಟು ಬಂದರೆ ಜೋರಾಗಿ ಬಡಿಯುತ್ತಿದ್ದಳು. ನಾವು ಅವಳ ಮಾರಿ ನೋಡಿದೆವು, ಫೋನು ನೋಡಲಿಲ್ಲ. ಈ ಮಾತು ನಾವು ಮೂವರೂ ನಡೆಸಿಕೊಟ್ಟೆವು.

ಅವಳ ದಿವಸದ ಕಾರ್ಯ ಮುಗಿದ ಮೇಲೆ ತಮ್ಮ ನನ್ನ ಫೋನು ಕೇಳಿ ಇಸಿದುಕೊಂಡ. ಯಾದಗಿರಿಯ ಅವನ ಮನೆಯಲ್ಲಿ ಕಂಪ್ಯೂಟರಿದೆ. ಅದಕ್ಕೆ ಹಾಕಿಕೊಂಡು ನಮಗೆಲ್ಲ ಒಂದೊಂದು ಪೆನ್‌ಡ್ರೈವಿನಲ್ಲಿ ತುಂಬಿಕೊಡುತ್ತೇನೆ, ದೊಡ್ಡಕ್ಕನ ಮಾತು ಒಂದೇ ಫೋನಿನಲ್ಲಿ ಇರುವುದು ಸರಿಯಲ್ಲ ಎಂದ. ಅದು ಒಳ್ಳೆಯ ಮಾತು. ನಾನು ಕೊಟ್ಟೆ.

ಮುಂದಿನ ಭಾನುವಾರ ನಾನೂ ತಂಗಿಯೂ ಯಾದಗಿರಿಗೆ ಹೋದೆವು. ಅವನು ಆಗಲೇ ಎಲ್ಲ ಮುಗಿಸಿ ಕೂತಿದ್ದ. ಮೇಜಿನ ಮೇಲೆ ಮೂರು ಪೆನ್‌ಡ್ರೈವ್.

"ಒಂದ ಫೈಲ್ ಭಾಳ ದೊಡ್ಡದು ಇತ್ತು" ಎಂದ. "ಪೆನ್‌ಡ್ರೈವ್ ತಗೊಳ್ಳವಲ್ದು. ಫೈಲ್ ದೊಡ್ಡದಾತು ಅಂತ ತಿರಗಿ ಕಳಸಾಕತ್ತು."

ಬದುಕಿದ್ದಾಗ ಓಣಿಯವರು ಅಂದದ್ದನ್ನೇ ಸತ್ತ ಮೇಲೆ ಪೆನ್‌ಡ್ರೈವೂ ಅಂದಿತಲ್ಲ ಎಂದು ನನಗೆ ನಗು ಬಂತು. ಆ ನಗು ಅಲ್ಲಿಗೇ ಮುಗಿಯಿತು.

"ಅದಕ್ಕ ಹಿಸ್ಸೆ ಮಾಡೀನಿ" ಎಂದ ತಮ್ಮ.

ನಮ್ಮ ಕಡೆ ಹಿಸ್ಸೆ ಎಂದರೆ ಹೊಲ ಮನೆ ಪಾಲಾದಾಗ ಒಬ್ಬೊಬ್ಬರಿಗೆ ಬರುವ ಭಾಗ. ಅವನ ಜೊತೆಗೆ ಕೆಲಸ ಮಾಡುವವರು ಯಾರೋ ಒಂದು ಕಮಾಂಡ್ ಹೇಳಿಕೊಟ್ಟಿದ್ದರಂತೆ. ಕಂಪ್ಯೂಟರಿನ ಕಪ್ಪು ಪರದೆ ತೆರೆದು, ಸ್ಪ್ಲಿಟ್ ಎಂದು ಬರೆದು, ಎಷ್ಟು ತುಂಡು ಬೇಕೋ ಹೇಳಿ, ಫೈಲಿನ ಹೆಸರು ಕೊಟ್ಟರೆ ಆಯಿತು. ಎಂಥ ದೊಡ್ಡ ಫೈಲೂ ಸಮ ಸಮ ತುಂಡಾಗುತ್ತದೆ. ಅದನ್ನು ವಿವರಿಸುವಾಗ ಅವನ ಮುಖದಲ್ಲಿ ಹಿಗ್ಗಿತ್ತು. "ದೊಡ್ಡಕ್ಕ ಮದಲ ನಿನಗ ಮಾತಾಡ್ಯಾಳ, ನಡುವ ನನಗ, ಕಡೀಕ ಇಕಿಗಿ. ನೀನ ಹೇಳಿದ್ದಿ. ಮೂರು ಹಿಸ್ಸೆ, ಬರೋಬರಿ. ಅವರವರ ಮಾತ ಅವರವರ ಮನ್ಯಾಗ ಕುಂತ ಕೇಳ್ರಿ. ಒಬ್ಬರ ಮುಂದ ಒಬ್ಬರು ಯಾಕ ಅಳೋದು?"

ನನ್ನ ಫೋನು ವಾಪಸು ಕೊಟ್ಟ. ಅದರಲ್ಲಿ ವಿಡಿಯೊ ಇರಲಿಲ್ಲ.

"ತಗದೀನಿ" ಎಂದ. "ನಿನ್ನ ಫೋನ್ ಹ್ಯಾಂಗ್ ಆಗಾಕತ್ತಿತ್ತು. ಈಗ ನೋಡು, ಎಷ್ಟ ಜಲ್ದಿ ನಡೀತದ."

"ನಿನ್ನ ಕಂಪ್ಯೂಟರಿನಾಗ ಅದ ಏನು?"

"ಅಲ್ಲೀದೂ ತಗದೀನಿ. ಪೋಡಿ ಆದ ಮ್ಯಾಲ ಹಳೇ ನಂಬರ್ ಯಾಕ ಇಡ್ತೀ ಅಕ್ಕ?"

ಪೋಡಿ ಎಂದರೆ ಒಂದು ಸರ್ವೆ ನಂಬರಿನ ಹೊಲವನ್ನು ಅಳೆದು ಬೇರೆ ಬೇರೆ ನಂಬರು ಮಾಡುವುದು. ಅವನ ದಿನದ ಕೆಲಸವೇ ಅದು. ಹೊಲಕ್ಕೆ ಅದು ಸರಿ. ಹೊಲ ಹೇಗೆ ಹರಿದರೂ ಪ್ರತಿ ತುಂಡಿನಲ್ಲೂ ಜೋಳ ಬೆಳೆಯುತ್ತದೆ. ವಿಡಿಯೊ ಹಾಗಲ್ಲ ಎಂದು ಅಂದು ನನಗೂ ತಿಳಿಯಲಿಲ್ಲ. ತಿಳಿಯದಿದ್ದರೂ ಮೊದಲು ಕೇಳಬೇಕಿತ್ತು. ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದೇ ನನ್ನ ಸಿಟ್ಟು. ಅಕ್ಕನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡವಳು ನಾನು, ಫೋನು ನನ್ನದು, ಆ ಮಾತಿಗೆ ಎದುರು ಕೂತವಳು ನಾನು. ಇವನು ಅಳತೆ ಪಟ್ಟಿ ಹಿಡಿದು ಬಂದವನ ಹಾಗೆ ಬಂದು ಗೆರೆ ಎಳೆದ.

ಶಹಾಪುರಕ್ಕೆ ಬಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿದೆ. ಒಂದೇ ಫೈಲು. ಹೆಸರು xaa. ಒತ್ತಿದೆ, ತೆರೆಯಲಿಲ್ಲ. ಯಾವುದರಲ್ಲಿ ತೆರೆಯಲಿ ಎಂದು ಯಂತ್ರ ನನ್ನನ್ನೇ ಕೇಳಿತು. ವಿಡಿಯೊ ಎಂದು ಹೇಳಿದರೂ ನಂಬಲಿಲ್ಲ.

ಅದೇ ವಾರ ತಂಗಿಯ ಫೋನು ಬಂತು.

"ಯಕ್ಕಾ, ಹಿಸ್ಸೆ ಚಲೋ ಮಾಡೀರಿ. ನಿಮ್ಮಿಬ್ಬರಿಗೂ ಬಾವಿ ಇದ್ದ ಹೊಲ, ನನಗ ಕಲ್ಲ ಮರಡಿ."

"ಏನಾತ?"

"ಏನಾತ ಅಂತ ಕೇಳ್ತಿ. ನನ್ನದು ತೆರಿಯಂಗಿಲ್ಲ. ಮೊಬೈಲ್ ಅಂಗಡ್ಯಾಂವ ಇದರಾಗ ಏನೂ ಇಲ್ಲ ಅಂದ. ಕಡೀಕ ಹುಟ್ಟಿದಾಕಿ ಅಂತ ಬರೇ ಕಲ್ಲ ಹಾಕಿ ಕಳಸೀರಿ."

"ನಂದೂ ತೆರಿಯಂಗಿಲ್ಲ ತಂಗಿ. ಖರೇನ."

"ಹೌದವಾ, ಹೊಲ ಹಂಚಿದವರೆಲ್ಲಾ ಹಂಗ ಅಂತಾರ."

ಫೋನು ಇಟ್ಟಳು. ಅಕ್ಕನ ಬಾಯಿ ನಮ್ಮಲ್ಲಿ ಯಾರಿಗಾದರೂ ಬಂದಿದ್ದರೆ ಇವಳಿಗೇ. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಳು. ಯೋಚಿಸಿ ನೋಡಿ, ಹೊಲವಿಲ್ಲ, ಮನೆಯಿಲ್ಲ, ಒಡವೆಯಿಲ್ಲ, ಕೇವಲ ಅಕ್ಕನ ಮಾತಿಗೆ ಅಕ್ಕ ತಂಗಿ ಹಿಸ್ಸೆಯ ಜಗಳ ಆಡಿದೆವು.

ತಮ್ಮನಿಗೆ ಫೋನು ಮಾಡಿದೆ. ಅವನದೂ ತೆರೆದಿರಲಿಲ್ಲ. "ಕರಪ್ಟ್ ಆಗ್ಯಾದ. ನಿನ್ನ ಫೋನಿನಾಗ ಇದ್ದಾಗನ ಕೆಟ್ಟಿರಬೇಕು" ಎಂದ. ಕೆಡಿಸಿದವನು ತಾನು, ಕೆಟ್ಟದ್ದು ನನ್ನ ಫೋನು! ನನಗೆ ಸಿಟ್ಟು ಬಂದಾಗ ಮಾತು ಬರುವುದಿಲ್ಲ. ಅಕ್ಕ ಇದ್ದಾಗ ನನ್ನ ಪಾಲಿನದನ್ನೂ ಅವಳೇ ಬೈಯುತ್ತಿದ್ದಳು.

ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವ ಒಬ್ಬ ಸರ್ ಇದ್ದಾರೆ. ಬಹಳ ದಿನ ಹಿಂಜರಿದೆ, ಮನೆಯ ವಿಷಯವಲ್ಲವೇ. ಕೊನೆಗೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಪೆನ್‌ಡ್ರೈವ್ ಅವರ ಮುಂದೆ ಇಟ್ಟೆ. ಅವರು ಫೈಲಿನ ಹೆಸರು ನೋಡಿದರು, ತೆರೆಯಲು ಹೋಗಲೇ ಇಲ್ಲ.

"ಮೇಡಂ, ಉಳದವು ಎಲ್ಲಿ ಅದಾವ್ರಿ?"

"ಯಾವು ಸರ್?"

"ಇದು xaa ಅಲ್ರೀ, ಹಂಗಿದ್ರ xab ಇರಬೇಕು. ಸ್ಪ್ಲಿಟ್ ಕಮಾಂಡ್ ಇಡೋ ಹೆಸರು ಇವು."

ನಾನು ನಡೆದದ್ದು ಹೇಳಿದೆ. ಸರ್ ತಲೆಗೆ ಕೈ ಹಚ್ಚಿದರು.

"ಗಡಿಯಾರ ಮೂರು ತುಂಡ ಮಾಡಿ ಮನಿಗೊಂದು ಕೊಟ್ರ ಯಾರ ಮನ್ಯಾಗ ಟೈಮ್ ತೋರಸ್ತದ್ರೀ? ಈ ಕಮಾಂಡಿಗೆ ಒಳಗ ಮಾತು ಅದ ಏನು, ಮದುವಿ ಅದ ಏನು, ಗೊತ್ತಿಲ್ಲ. ಅಳತಿ ನೋಡ್ತದ, ಕಡೀತದ. ವಿಡಿಯೊ ಹೆಂಗ ತೆರೀಬೇಕು ಅನ್ನೋದು ಒಂದಿಷ್ಟು ತಲೀ ತುಂಡಿನಾಗ ಇರ್ತದ, ಒಂದಿಷ್ಟು ಬಾಲದ ತುಂಡಿನಾಗ. ಬಿಡಿ ಬಿಡಿ ಇದ್ರ ಯಾವುದೂ ತೆರಿಯಂಗಿಲ್ಲ."

"ಹಂಗಾರ ಹೋತೇನ್ರಿ ಸರ್?"

"ಯಾಕ ಹೋಗ್ತದ್ರಿ? ಮೂರೂ ತರ್ರಿ. ಕೂಡಿಸಿದ್ರ ಹೆಂಗಿತ್ತು ಹಂಗ ಆಗ್ತದ, ಒಂದ ಚೂರೂ ಕಮ್ಮಿ ಆಗಂಗಿಲ್ಲ. ದೊಡ್ಡ ಹೊರಿ ಒಮ್ಮೆಲೆ ಹೊರಾಕ ಆಗಲಿಲ್ಲಂದ್ರ ಮೂರು ಸಲ ಹೊತ್ತು ಮತ್ತ ಒಂದ ಕಡೆ ಒಟ್ಟತೀವಿಲ್ರಿ, ಹಂಗ. ಸ್ಪ್ಲಿಟ್ ಇರೋದು ಹೊರಾಕ್ರಿ, ಹಂಚಾಕ ಅಲ್ಲ."

ಆ ಮಧ್ಯಾಹ್ನ ನಾನು ರಜೆ ಬರೆದುಕೊಟ್ಟು ದೋರನಹಳ್ಳಿಯ ಬಸ್ಸು ಹತ್ತಿದೆ. ತಂಗಿ ಬಾಗಿಲಲ್ಲೇ ನಿಂತು, "ಮರಡಿ ನೋಡಾಕ ಬಂದ್ಯೇನು?" ಎಂದಳು. ಸರ್ ಹೇಳಿದ ಗಡಿಯಾರದ ಮಾತು ಹೇಳಿದೆ. ತಂಗಿ ಒಳಗೆ ಹೋಗಿ ದೇವರ ಜಗುಲಿಯ ಮೇಲಿಂದ ಅರಿಸಿನದ ಬಟ್ಟಲು ತಂದಳು. ಅದರೊಳಗೆ, ಅಕ್ಕನ ಸೀರೆಯ ಅಂಚಿನ ಚಿಂದಿಯಲ್ಲಿ ಸುತ್ತಿದ ಪೆನ್‌ಡ್ರೈವ್ ಇತ್ತು. ಏನೂ ಇಲ್ಲ ಎಂದು ಅಂಗಡಿಯವನು ಹೇಳಿದ್ದನ್ನು ಅವಳು ಹಾಗೆ ಇಟ್ಟಿದ್ದಳು.

"ಕಲ್ಲಾದ್ರೂ ದೊಡ್ಡಕ್ಕನ ಕಲ್ಲ ಅಲ್ಲೇನು" ಎಂದಳು. ಆಮೇಲೆ, "ನಾನೂ ಬರ್ತೀನಿ. ನಿಮ್ಮ ಮ್ಯಾಲ ನನಗ ನಂಬಿಗಿ ಇಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡಳು.

ಬಸ್ ಸ್ಟಾಪಿನಲ್ಲಿ ನಿಂತು ತಮ್ಮನಿಗೆ ಫೋನು ಮಾಡಿದೆ. ನಿನ್ನ ಪೆನ್‌ಡ್ರೈವ್ ತೆಗೆದುಕೊಂಡು ಶಹಾಪುರಕ್ಕೆ ಬಾ, ದೊಡ್ಡಕ್ಕನ ವಿಡಿಯೊ ಸರಿಯಾಗುತ್ತದೆ ಎಂದೆ.

"ತಮ್ಮಾ?"

"ಅದು ಖಾಲಿ ಮಾಡೀನಿ ಅಕ್ಕ."

"ಏನಂದಿ?"

"ತೆರಿಯಂಗಿಲ್ಲ ಅಂದ ಮ್ಯಾಲ ಇಟ್ಟು ಏನ ಮಾಡ್ಲಿ? ಫಾರ್ಮ್ಯಾಟ್ ಹೊಡದು ಹೊಲದ ನಕಾಶಿ ತುಂಬಿದ್ದೆ."

ಅವನ ಪೆನ್‌ಡ್ರೈವ್, ಅವನ ಕಂಪ್ಯೂಟರು, ನನ್ನ ಫೋನು ಮೂರನ್ನೂ ಆಮೇಲೆ ಸರ್ ಇಟ್ಟುಕೊಂಡು ಹುಡುಕಿದರು. ಅಳಿಸಿದ ಜಾಗದ ಮೇಲೆ ಬೇರೆ ಬೇರೆ ತುಂಬಿಕೊಂಡು ಏನೂ ಉಳಿದಿರಲಿಲ್ಲ. ನಮ್ಮ ಮನೆಯಲ್ಲಿ ಮೊರದ ಹೊಟ್ಟನ್ನೂ ಕೈಯಾಡಿಸಿ ನೋಡದೆ ಹೊರಗೆ ಚೆಲ್ಲಿದವರಿಲ್ಲ. ಹಳೆಯ ಸೀರೆ ಕೊಡುವಾಗ ಸೆರಗಿನ ಗಂಟು ಬಿಚ್ಚಿ ನೋಡಿ ಕೊಡುತ್ತೇವೆ. ಅಂಥ ಮನೆಯಲ್ಲಿ ಹುಟ್ಟಿದವನು, ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ, ಅಕ್ಕ ತನಗೆಂದು ಹೇಳಿದ ಮಾತನ್ನು ಸಾಫ್ ಮಾಡಿ ನಕಾಶೆ ತುಂಬಿದ. ಒಂದು ಫೋನು ಮಾಡಿ ಕೇಳಿದ್ದರೆ? ನಕಾಶೆಗೆ ಇನ್ನೊಂದು ಪೆನ್‌ಡ್ರೈವ್ ಯಾದಗಿರಿಯಲ್ಲಿ ಸಿಗುತ್ತಿರಲಿಲ್ಲವೇ? ಈ ಪ್ರಶ್ನೆಗಳನ್ನು ನಾನು ಪಾತ್ರೆ ತೊಳೆಯುವಾಗ ಗೋಡೆಗೆ ಕೇಳಿದ್ದೇನೆ, ಬಸ್ಸಿನಲ್ಲಿ ಕಿಟಕಿಗೆ ಕೇಳಿದ್ದೇನೆ. ಅವನಿಗೆ ಇನ್ನೂ ಕೇಳಿಲ್ಲ.

ಕಳೆದುಹೋದದ್ದು ನಡುವಿನ ತುಂಡು, ತಲೆಯೂ ಬಾಲವೂ ಉಳಿದಿವೆ ಎಂದು ತಿಳಿದಾಗ ಸರ್ ಒಂದು ಉಪಾಯ ಹೇಳಿದರು. ಮೂರೂ ತುಂಡು ಸಮ ಅಳತೆಯವು. ಅಷ್ಟೇ ಅಳತೆಯ ಖಾಲಿ ಫೈಲೊಂದನ್ನು ಮಾಡಿ, ಅದಕ್ಕೆ xab ಎಂದು ಹೆಸರಿಟ್ಟು ನಡುವೆ ಕೂರಿಸಿದರೆ ಯಂತ್ರ ಮೋಸ ಹೋಗಬಹುದು. ಕಪ್ಪು ಪರದೆಯಲ್ಲಿ ಒಂದು ಸಾಲು ಬರೆದರು. ಬರೀ ಸೊನ್ನೆ ತುಂಬಿದ ಫೈಲು ಹುಟ್ಟಿತು. ಒಳಗೆ ಏನೂ ಇಲ್ಲದಿದ್ದರೂ ಅಕ್ಕನ ಮಾತು ಹಿಡಿದಷ್ಟೇ ಜಾಗ ಹಿಡಿಯಿತು. ಆಮೇಲೆ ಕೂಡಿಸುವ ಸಾಲು. ಅದನ್ನು ನಾನೇ ಬರೆಯುತ್ತೇನೆ ಎಂದೆ. ಸರ್ ಕುರ್ಚಿ ಬಿಟ್ಟುಕೊಟ್ಟರು.

cat xaa xab xac > akka.mp4

ತಂಗಿ ನನ್ನ ಹೆಗಲು ಹಿಡಿದು ನಿಂತಿದ್ದಳು. ಬಹಳ ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ಫೈಲು ತೆರೆಯಿತು. ಹಿಟ್ಟಿನ ಡಬ್ಬಿಯ ಎದುರಿನಿಂದ ಅಕ್ಕ ನನ್ನನ್ನೇ ನೋಡಿದಳು.

"ಇಕಿ ನೋಡು, ಆಗಲೇ ಸುರು ಮಾಡಿದಳು. ಏ, ಅಳೂದಿದ್ರ ಹೊರಗ ಹೋಗಿ ಅಳು. ನನ್ನ ಮಾತಿನ್ಯಾಗ ನಿನ್ನ ಸುಂಬಳದ ಸಪ್ಪಳ ತುಂಬ್ತದ."

ಸರ್ ಮೆಲ್ಲಗೆ ಎದ್ದು ಹೊರಗೆ ಹೋದರು.

ತಮ್ಮ ಬಂದದ್ದು ಅದರ ಮುಂದಿನ ಭಾನುವಾರ, ನನ್ನ ಮನೆಗೆ. ತಂಗಿಯೂ ಇದ್ದಳು. ಯಾರೂ ಅವನಿಗೆ ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಲ್ಯಾಪ್‌ಟಾಪಿನ ಮುಂದೆ ನೆಲದ ಮೇಲೆ ಕೂತ. ನನ್ನ ಪಾಲಿನ ಮಾತು ಮುಗಿದು, ವಿಡಿಯೊದಲ್ಲಿ ನಾನು ಎದ್ದು ಹೊರಗೆ ಹೋಗುವಾಗ ನನ್ನ ಸೀರೆ ಫೋನಿಗೆ ಅಡ್ಡ ಬಂದು ಸರಿಯಿತು. ಅಕ್ಕ ಹತ್ತಿರ ಸರಿದು ಕೂತಳು.

"ತಮ್ಯಾ, ಕೇಳಿಲ್ಲಿ" ಎಂದಳು.

ಅಳತೆಯ ಗೆರೆ ಅಕಸ್ಮಾತ್ ಅಲ್ಲೇ ಬಿದ್ದಿತ್ತು. ಚಿತ್ರ ನಿಂತಿತು, ಬೂದಿ ಬಣ್ಣವಾಯಿತು. ಸದ್ದಿಲ್ಲ. ಕೆಳಗೆ ಸಮಯದ ಅಂಕಿ ಮಾತ್ರ ಓಡುತ್ತಿತ್ತು.

"ಮುಂದ ಓಡಸ್ತೀನಿ" ಎಂದೆ.

"ಬಿಡು" ಎಂದ. "ನನ್ನ ಹಿಸ್ಸೆ ಅದು."

ಅಷ್ಟೂ ಹೊತ್ತು ಆ ಬೂದಿಯನ್ನೇ ನೋಡುತ್ತಾ ಕೂತ. ತಂಗಿ ಚಹಾ ಮಾಡಿ ತಂದಿಟ್ಟಳು, ಅದು ಕೆನೆಗಟ್ಟಿತು. ಕೊನೆಗೆ ಪರದೆ ಒಮ್ಮೆ ಕದಲಿ ಅಕ್ಕ ಮತ್ತೆ ಬಂದಳು, ಮಾತಿನ ತುದಿಯಲ್ಲಿ:

"...ಬ್ಯಾಡಪಾ. ತಿಳೀತಿಲ್ಲೋ? ಆತು. ಏ, ಬಾ ಒಳಗ."

ಒಳಗೆ ಕರೆದದ್ದು ನನ್ನನ್ನು. ತಮ್ಮ ಅದನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದ. ಮತ್ತೆ. ನಮ್ಮ ಭಾಷೆಯಲ್ಲಿ ಬ್ಯಾಡ ಎನ್ನುವುದು ಕೊನೆಗೆ ಬರುತ್ತದೆ. ಏನು ಬೇಡ ಎಂಬುದೆಲ್ಲ ಅದಕ್ಕೂ ಮೊದಲೇ ಮುಗಿದಿರುತ್ತದೆ.

"ದೊಡ್ಡಕ್ಕ ಏನ ಬ್ಯಾಡ ಅಂದಾಳ ಅಕ್ಕ?"

"ನನ್ನ ಹೊರಗ ಕಳಸಿದ್ದಳು."

"ಕಟ್ಟೀ ಮ್ಯಾಲ ಒಂದಾದ್ರೂ ಮಾತ ಕೇಳಸಲಿಲ್ಲೇನು?"

"ಗಿರಣಿ ನಡದಿತ್ತು."

ತಂಗಿ ಬಾಗಿಲಿಗೆ ಒರಗಿ ನಿಂತಿದ್ದಳು. "ಗುಟ್ಕಾ ಇರಬೇಕು" ಎಂದಳು. ಅವಳು ಚುಚ್ಚಿದ್ದು. ಆದರೆ ಅವನು ಅಂಗಿಯ ಜೇಬಿನಿಂದ ಗುಟ್ಕಾದ ಪೊಟ್ಟಣ ತೆಗೆದು ಚಹಾದ ತಟ್ಟೆಯಲ್ಲಿ ಇಟ್ಟ. ಆಮೇಲೆ ತಿಳಿಯಿತು, ಅದನ್ನು ಬಿಟ್ಟೇಬಿಟ್ಟನಂತೆ. ಮುದನಾಳದ ಕಡೆ ಒಬ್ಬರ ಜೊತೆ ಮಾತು ಬಿಟ್ಟಿದ್ದ, ಹೋಗಿ ಮಾತಾಡಿಸಿ ಬಂದನಂತೆ. ಹಗೆ ಬೇಡ ಎಂದಿರಬಹುದಲ್ಲ. ಹೆಂಡತಿಯ ಮೇಲೆ ಒದರುವುದು ನಿಲ್ಲಿಸಿದನಂತೆ. "ದೊಡ್ಡಕ್ಕ ಇದ್ದಾಗ ನೂರು ಸಲ ಬ್ಯಾಡ ಅಂದ್ರೂ ಒಂದೂ ಬಿಡಲಿಲ್ಲ. ಈಗ ಅರ್ಧ ಬ್ಯಾಡಕ್ಕ ಎಲ್ಲಾ ಬಿಡಾಕತ್ತಾನ" ಎಂದು ತಂಗಿ ನಗುತ್ತಾಳೆ.

ನನಗೆ ನಗು ಬರುವುದಿಲ್ಲ. ಅಕ್ಕ ಹೇಳಿದ್ದು ಅವು ಯಾವುವೂ ಅಲ್ಲದಿದ್ದರೆ? ಅವಳು ಸಾಯುವ ಮುಂಚೆ ನನ್ನನ್ನೂ ಹೊರಗೆ ಕಳಿಸಿ ಹೇಳಿದ ಮಾತು ಗುಟ್ಕಾದ್ದಾಗಿರಲಿಕ್ಕಿಲ್ಲ. ಅವನು ಒಳ್ಳೆಯವನಾಗುತ್ತಿದ್ದಾನೆ ಎಂದು ಜನ ಹೇಳಿದಷ್ಟೂ ನನ್ನ ಸಿಟ್ಟು ಹೆಚ್ಚುತ್ತದೆ.

ಮೊನ್ನೆ ಹೊಸ ಪೆನ್‌ಡ್ರೈವ್ ತೆಗೆದುಕೊಂಡು ಬಂದಿದ್ದ. ತನಗೂ ಒಂದು ಪ್ರತಿ ಬೇಕೆಂದ. ದೊಡ್ಡ ಫೈಲು ಇಡಿಯಾಗಿ ಹಿಡಿಯುವಂತೆ ಅದನ್ನು ಫಾರ್ಮ್ಯಾಟ್ ಮಾಡುವುದನ್ನು ಸರ್ ನನಗೆ ತೋರಿಸಿಕೊಟ್ಟಿದ್ದರು. ಮೊದಲು ತೆರೆದು ಒಳಗೆ ಏನಾದರೂ ಇದೆಯೇ ನೋಡಿದೆ. ಏನೂ ಇರಲಿಲ್ಲ. ಆದರೂ ಇನ್ನೊಮ್ಮೆ ನೋಡಿದೆ. ಅವನು ನೋಡಲಿ ಎಂದೇ ನೋಡಿದೆ. ಆಮೇಲೆ ಇಡೀ ಫೈಲನ್ನು ತುಂಬಲು ಹಚ್ಚಿದೆ.

ಅವನು ಪರದೆಯ ಮೇಲಿನ ಹೆಸರುಗಳನ್ನು ಓದುತ್ತಾ ಕೂತಿದ್ದ. xaa, xab, xac. ಬೆರಳು ನಡುವಿನದರ ಮೇಲೆ ನಿಂತಿತು.

"ಇದು ಸರ್ ಮಾಡಿದ ಖಾಲಿ ಫೈಲ್ ಅಲ್ಲೇನು? ತಗದ ಬಿಡಲೇನು ಅಕ್ಕ? ಸುಮ್ಮ ಜಾಗ ತಿಂತದ."

ಅವನ ಕೈ ಆಗಲೇ ಮೌಸಿನ ಮೇಲಿತ್ತು.

"ಬ್ಯಾಡಪಾ" ಎಂದೆ.

ಜೋರಾಗಿಯೇ ಅಂದಿರಬೇಕು. ತಂಗಿ ಹಿಟ್ಟು ಹತ್ತಿದ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬಂದಳು. ನಾವು ಅಕ್ಕನ ವಿಡಿಯೊ ಹಚ್ಚಿದ್ದೇವೆ ಎಂದುಕೊಂಡಳಂತೆ.